ಇಳಿಗಲ್ಲಿನ ಚೌಕ

ಮಣ್ಣಿನಿಂದ ಬಂದ ಮನುಷ್ಯ ಕೊನೆಗೆ ಮಣ್ಣಿಗೇ ಹೋಗಬೇಕು ಎಂದು ಹಿರಿಯರು ಹೇಳಿದ್ದಾರೆ. ನಮ್ಮೂರಿನಲ್ಲಿ ಹಾಗೆ ಹೋಗುವವನಿಗೆ ದಾರಿಯಲ್ಲಿ ಒಂದು ನಿಲುಗಡೆ ಇತ್ತು, ಎದುರಿಗೇ ಟೀ ಅಂಗಡಿ.

ಆ ನಿಲುಗಡೆಯೇ ಪೇಟೆಯ ನಟ್ಟನಡುವಿನ ಚೌಕ. ಮೈಸೂರು ಮೈನ್ಸ್ ಕಡೆಯ ರಸ್ತೆ, ಬಂಗಾರಪೇಟೆ ಕಡೆಯ ರಸ್ತೆ, ಸಂತೆಬೀದಿ, ಸುಡುಗಾಡಿನ ದಾರಿ, ನಾಲ್ಕೂ ಅಲ್ಲಿ ಕೂಡುತ್ತವೆ. ಬಿಳಿಯರ ಕಾಲದಲ್ಲಿ ಅದಕ್ಕೆ ಒಬ್ಬ ದೊರೆಯ ಹೆಸರಿತ್ತಂತೆ. ಆಮೇಲೆ ಒಬ್ಬ ನಾಯಕರ ಹೆಸರು ಬಂತು, ಅವರ ಪಕ್ಷ ಸೋತ ಮೇಲೆ ಇನ್ನೊಬ್ಬರದು. ಯಾವ ಹೆಸರೂ ಜನರ ಬಾಯಿಗೆ ಹತ್ತಲಿಲ್ಲ. ಅಲ್ಲಿ ಎದೆಯೆತ್ತರದ ಎರಡು ಕಂಬಗಳ ಮೇಲೆ ಒಂದು ಉದ್ದನೆಯ ಚಪ್ಪಡಿ ಇತ್ತು. ಅದೇ ಇಳಿಗಲ್ಲು, ಜನರ ಬಾಯಲ್ಲಿ ಚೌಕದ ಹೆಸರೂ ಅದೇ. ಹಿಂದೆ ಹಳ್ಳಿಗಳಿಂದ ಸೌದೆ, ಸೊಪ್ಪು ಹೊತ್ತು ಬರುವವರು ಹೊರೆ ಇಳಿಸಿ ದಣಿವಾರಿಸಿಕೊಳ್ಳಲಿ ಎಂದು ಯಾರೋ ಪುಣ್ಯವಂತರು ನೆಡಿಸಿದ್ದು. ಚಿನ್ನದ ಗಣಿ ಬಂತು, ಸೌದೆಯ ಹೊರೆ ಕಡಿಮೆಯಾಯಿತು, ಬೇರೆ ಹೊರೆ ಹೆಚ್ಚಾಯಿತು. ಹೀಗೆ ಇಳಿಗಲ್ಲು ಚಟ್ಟ ಇಳಿಸುವ ಕಲ್ಲಾಯಿತು.

ಪದ್ಧತಿ ಸರಳ. ಚಟ್ಟವನ್ನು ಕಲ್ಲಿನ ಮೇಲಿಟ್ಟು, ತಲೆ ಇದ್ದ ಕಡೆ ಕಾಲು ಬರುವಂತೆ ತಿರುಗಿಸುತ್ತಿದ್ದರು, ಸತ್ತವನಿಗೆ ಮನೆಯ ದಾರಿ ಮರೆಯಲಿ ಎಂದು. ಹೆಗಲು ಬದಲಾಗುತ್ತಿತ್ತು. ಆಮೇಲೆ ಹಿರಿಯನೊಬ್ಬ ಗಟ್ಟಿಯಾಗಿ ಕೇಳುತ್ತಿದ್ದ: "ಯಾರ್ಗಾನ ಮಾತು ಉಳ್ದದೇನ್ರಪ್ಪಾ?" ಸತ್ತವನ ಜತೆ ಮುನಿಸಿದ್ದವರು ಮುಂದೆ ಬಂದು, ಎದೆಯ ಮೇಲೆ ಚಿಟಿಕೆ ಮಣ್ಣು ಹಾಕಿ, "ನಂದು ಮುಗೀತಪ್ಪ" ಅನ್ನಬೇಕು. ಹೆಣ ಎದುರು ಮಾತಾಡುವುದಿಲ್ಲವಾದ್ದರಿಂದ ರಾಜಿ ಬೇಗ ಆಗುತ್ತಿತ್ತು. ನಮ್ಮ ತಾಲ್ಲೂಕಿನ ಯಾವ ನ್ಯಾಯಾಲಯದಲ್ಲೂ ಇಷ್ಟು ವ್ಯಾಜ್ಯಗಳು ತೀರಿರಲಾರವು.

ನನ್ನ ದೊಡ್ಡಪ್ಪ ಗಣಿಯಲ್ಲಿ ಕಲ್ಲು ಕೊರೆಯುವ ತಂಡದಲ್ಲಿದ್ದವರು. ಅವರ ಜೋಡಿಯಾಗಿ ಒಂದೇ ಯಂತ್ರ ಹಿಡಿದವರು ಒಬ್ಬ ತಮಿಳರು. ನಾನು ಅವರನ್ನು ಮಾಮ ಅನ್ನುತ್ತಿದ್ದೆ. ಇಬ್ಬರೂ ಒಂದೇ ಕೇಜಿನಲ್ಲಿ ಗಣಿಯ ಆಳಕ್ಕೆ ಇಳಿದರು, ಒಂದೇ ಧೂಳು ಕುಡಿದರು. ಗಣಿ ಮುಚ್ಚಿದಾಗ ದೊಡ್ಡಪ್ಪ ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹತ್ತಿ ಗಾರೆ ಕೆಲಸಕ್ಕೆ ಹೋದರು. ಮಾಮ, ಗಣಿಯ ಬೀಗ ಹಾಕಿದ ಶಾಫ್ಟಿನ ಬಾಯಿಗೆ ಕಾವಲುಗಾರರಾದರು.

ಜಗಳ ಆದದ್ದು ಚೌಕದ ಟೀ ಅಂಗಡಿಯಲ್ಲಿ. ದೊಡ್ಡಪ್ಪ ಹತ್ತು ಜನರ ಎದುರಿಗೆ, "ಸತ್ತ ಗಣೀನ ಕಾಯ್ತಾವ್ನೆ ನೋಡ್ರಲಾ, ಹೆಣ ಕಾಯೋನು" ಅಂದರು. ಮಾಮ ಗ್ಲಾಸು ಕೆಳಗಿಟ್ಟು, "ನಿನ್ನ ಮನೆ ಹೊಸ್ಲು ಇನ್ನು ತುಳಿಯಲ್ಲ. ನಿನ್ನ ಹೆಣ ನೋಡೋದಕ್ಕೂ ಬರಲ್ಲ" ಎಂದು ಆಣೆ ಇಟ್ಟು ಹೊರಟರು. ಆಮೇಲೆ ವರ್ಷಗಟ್ಟಲೆ ಒಬ್ಬರು ಚೌಕದ ಈ ಬದಿಯ ಅಂಗಡಿಯಲ್ಲಿ, ಇನ್ನೊಬ್ಬರು ಆ ಬದಿಯ ಅಂಗಡಿಯಲ್ಲಿ ಟೀ ಕುಡಿದರು. ನಡುವೆ ಇಳಿಗಲ್ಲು. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳುತ್ತಿತ್ತು. ಅಷ್ಟರಮಟ್ಟಿಗೆ ಸಂಪರ್ಕ ಉಳಿದಿತ್ತು.

ಧೂಳಿನ ಕಾಯಿಲೆ ದೊಡ್ಡಪ್ಪನನ್ನು ಮೊದಲು ಮಲಗಿಸಿತು. ಬಂಗಾರಪೇಟೆಯಲ್ಲಿ ನೆಲೆಸಿದ್ದ ನಾನು ಊರಿಗೆ ನೋಡಲು ಹೋದಾಗಲೆಲ್ಲ ಅವರದು ಒಂದೇ ಮಾತು.

"ಕಲ್ಲತ್ರ ಇಳಿಸ್ಬೇಕು ಕಣ್ಲಾ ನನ್ನ. ಅವ್ನು ಮನೇಗ್ ಬರಲ್ಲ, ಆಣೆ ಇಕ್ಕವ್ನೆ. ಕಲ್ಲತ್ರ ಬತ್ತಾನೆ."

"ಹೆಣ ನೋಡಕ್ಕೂ ಬರಲ್ಲ ಅಂದವ್ರೆ ಅಂತಲ್ಲ ದೊಡ್ಡಪ್ಪ."

"ಕಣ್ಮುಚ್ಕಂಡ್ ಬರ್ಲಿ. ನೋಡು ಅಂದೋರ್ ಯಾರು?"

ಇಂಥ ಕಾನೂನು ತಲೆ ಗಣಿಯೊಳಗೆ ವ್ಯರ್ಥವಾಯಿತಲ್ಲ ಎಂದು ನಾನು ಮರುಗಿದೆ. ಆದರೆ ನಾನು ಹೇಳಬೇಕಾದ ಸುದ್ದಿ ಬೇರೆ ಇತ್ತು.

"ಕಲ್ಲೇ ಇಲ್ಲ ದೊಡ್ಡಪ್ಪ. ಕಿತ್ತಾಕವ್ರೆ."

ಅವರು ಕೆಮ್ಮಿ ಮುಗಿಸಿ, ಗೋಡೆಗೆ ಒರಗಿ ಕೇಳಿದರು: "ಕಲ್ಲು ಓಯ್ತು. ಜಾಗಾನೂ ಎತ್ಕಂಡ್ ಓದ್ರಾ?"

ಜಾಗ ಇತ್ತು, ಅಭಿವೃದ್ಧಿ ಅದರ ಮೇಲೆ ಕೂತಿತ್ತು. ಒಂದು ಬೆಳಿಗ್ಗೆ ಜೆಸಿಬಿ ಬಂದು ಚಪ್ಪಡಿಯನ್ನು ಎತ್ತುವಾಗ ಅದು ಎರಡು ತುಂಡಾಯಿತು. ಒಂದು ತುಂಡು ಚರಂಡಿಗೆ ಮುಚ್ಚಳವಾಯಿತು. ಇನ್ನೊಂದು ಎಲ್ಲಿ ಹೋಯಿತೋ ಗುತ್ತಿಗೆದಾರನಿಗೇ ಗೊತ್ತು. ಕಲ್ಲಿದ್ದಲ್ಲಿ ಕಾರಂಜಿ ಎದ್ದಿತು, ಸುತ್ತ ಎದೆಮಟ್ಟದ ಕಬ್ಬಿಣದ ಗ್ರಿಲ್ಲು, ನಾಲ್ಕು ಕಡೆಗೂ ಒನ್ ವೇ. ಕಾರಂಜಿಗೆ ನೀರಿನ ಸಂಪರ್ಕ ಬಂದಿರಲಿಲ್ಲವಾದರೂ ಬಣ್ಣದ ದೀಪ ಬಂದಿತ್ತು.

ಅವತ್ತು ಸಂಜೆ ಆ ಬದಿಯ ಟೀ ಅಂಗಡಿಗೆ ಹೋದೆ. ಮಾಮ ಮಡಚಿದ ಟವೆಲ್ಲಿನ ಮೇಲೆ ಕೂತಿದ್ದರು.

"ಏನ್ ತಂಬಿ, ಇನ್ನೂ ಉಸಿರಾಡ್ತಾವ್ನಾ?"

"ಹೂಂ ಮಾಮ. ಕಷ್ಟದಲ್ಲವ್ರೆ."

"ಯಾವಾಗ್ಲೂ ಅಂಗೇ ಅವ್ನು. ಶಿಫ್ಟ್ ಮುಗುದ್ರೂ ಮೇಲಕ್ಕೆ ಬರೋನಲ್ಲ."

"ಒಂದ್ಸಲ ಮನೇಗ್ ಬತ್ತೀರಾ?"

ಮಾಮ ಗ್ರಿಲ್ಲಿನ ಕಡೆ ನೋಡಿದರು. "ಆಣೆ ಇಕ್ಕೀನಲ್ಲ. ಕಲ್ಲತ್ರ ಬತ್ತೀನಿ ಅನ್ನು." ಗ್ಲಾಸು ಎತ್ತಿಕೊಂಡು ಸೇರಿಸಿದರು: "ಅವಸರ ಏನಿಲ್ಲ ಅನ್ನು."

ಈ ಮಾತನ್ನು ಹೇಳಿದಾಗ ದೊಡ್ಡಪ್ಪ ನಕ್ಕರು. ಆ ನಗು ಕೆಮ್ಮಾಗಿ ತಿರುಗಿದ್ದರಿಂದ ದೊಡ್ಡಮ್ಮ ನನ್ನನ್ನು ಹೊರಗೆ ಕಳಿಸಿದರು. ಆ ವಾರ ಕಳೆಯುವುದರೊಳಗೆ ದೊಡ್ಡಪ್ಪ ಹೋಗಿಬಿಟ್ಟರು. ಸುದ್ದಿ ಹೇಳಿ ಮಾಮನ ಮನೆಗೆ ಒಬ್ಬರನ್ನು ಕಳಿಸಿದೆ. "ಚೌಕದಲ್ಲಿ ಇರ್ತೀನಿ" ಎಂಬ ಉತ್ತರ ಬಂತು.

ಹೊರಲು ಹೆಗಲಿರಲಿಲ್ಲ. ತಂಡದವರಲ್ಲಿ ಅರ್ಧ ಜನ ಮೊದಲೇ ಹೋಗಿದ್ದರು, ಉಳಿದವರಿಗೆ ತಮ್ಮ ಉಸಿರನ್ನು ಹೊರುವುದೇ ಸಾಕಾಗಿತ್ತು, ಹುಡುಗರು ಬೆಳಗಿನ ರೈಲಿಗೆ ಹೋಗಿದ್ದರು. ಹಾಗಾಗಿ ಶವ ಸಾಗಿಸುವ ವ್ಯಾನು ತರಿಸಿದೆವು. ಚಟ್ಟದ ಪಕ್ಕದ ಬೆಂಚಿನಲ್ಲಿ ನಾನೂ ನೆಂಟರಲ್ಲಿ ಹಿರಿಯರೊಬ್ಬರೂ ಕೂತೆವು. ಚೌಕದಲ್ಲಿ ಎರಡು ನಿಮಿಷ ನಿಲ್ಲಿಸಬೇಕು ಎಂದು ಡ್ರೈವರಿಗೆ ಹೇಳಿದೆ.

"ಅಲ್ಲಿ ನಿಲ್ಸಂಗಿಲ್ಲ ಸಾರ್, ಫೈನ್ ಬೀಳುತ್ತೆ. ನಿಧಾನಕ್ ಓಡಿಸ್ತೀನಿ, ಅಷ್ಟೇ."

ಮಾಮ ಗ್ರಿಲ್ಲಿಗೆ ಒತ್ತಿ ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚೆಂಡುಹೂವಿನ ಹಾರ. ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು. ಅದರಲ್ಲಿ ಮಣ್ಣು ಇತ್ತೆಂದು ನಾನು ಊಹಿಸಿದೆ. ವ್ಯಾನು ನಿಧಾನವಾಯಿತು. ಹಿಂದೆ ಕಾಮಸಮುದ್ರದ ಬಸ್ಸು ಹಾರನ್ ಒತ್ತಿ ಹಿಡಿಯಿತು, ಪೊಲೀಸಪ್ಪ ಪೀಪಿ ಊದಿದ. ಮಾಮ ಕೈಯೆತ್ತಿ ನಾಲ್ಕು ಹೆಜ್ಜೆ ನಮ್ಮ ಹಿಂದೆ ಬಂದು, ಸೊಂಟ ಬಗ್ಗಿಸಿ ಕೆಮ್ಮುತ್ತ ನಿಂತುಬಿಟ್ಟರು.

"ಇನ್ನೊಂದು ಸುತ್ತು ಓಡ್ಸಪ್ಪ" ಎಂದೆ. ಡ್ರೈವರು ಒಳ್ಳೆಯವನು, ಓಡಿಸಿದ. ಅಷ್ಟರಲ್ಲಿ ಮಾಮ, ವ್ಯಾನು ಸುಡುಗಾಡಿನ ದಾರಿಗೆ ತಿರುಗುತ್ತದೆಂದು ಎಣಿಸಿ, ರಸ್ತೆ ದಾಟಿ ಆ ಮೂಲೆಗೆ ಹೋಗಿದ್ದರು. ಆದರೆ ಒನ್ ವೇ ಕಾರಣ ಸುಡುಗಾಡಿಗೆ ಹೋಗುವವರೂ ಈಗ ಸಂತೆಬೀದಿ ಸುತ್ತಿ ಹೋಗಬೇಕು. ಕಿಟಕಿಯಿಂದ ಕೈ ಬೀಸಿದೆ. ಅವರು ನಮಗೆ ಬೆನ್ನು ಹಾಕಿ, ನಾವು ಬಾರದ ದಾರಿಯನ್ನೇ ನೋಡುತ್ತಿದ್ದರು.

ಪೆಟ್ರೋಲ್ ಬಂಕ್ ದಾಟಿದ ಮೇಲೆ ವ್ಯಾನು ರಸ್ತೆಯ ಬದಿಗೆ ನಿಂತಿತು. ಚಟ್ಟವನ್ನು ಕೆಳಗಿಳಿಸಲು ಜನ ಸಾಲದೆ, ಒಳಗೇ ಹೇಗೋ ತಿರುಗಿಸಿದೆವು. ಹಿರಿಯರು ಬಾಗಿಲಿನಿಂದ ತಲೆ ಹೊರಹಾಕಿ, ಖಾಲಿ ರಸ್ತೆಯನ್ನು ಕೇಳಿದರು: "ಯಾರ್ಗಾನ ಮಾತು ಉಳ್ದದೇನ್ರಪ್ಪಾ?"

ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಮೊಪೆಡ್ಡಿನವನು ನಮ್ಮನ್ನು ನೋಡಿ, ವೇಗ ಹೆಚ್ಚಿಸಿ ಹೋದ. ಮಾಮ ಬಂದಾರೆಂದು ಸ್ವಲ್ಪ ಹೊತ್ತು ಕಾದೆವು. ಡ್ರೈವರಿಗೆ ಇನ್ನೊಂದು ಸಾವಿನ ಮನೆಯಿಂದ ಫೋನ್ ಬಂತು, ಹೊರಟೆವು.

ಸುಡುಗಾಡಿನಿಂದ ಹಿಂತಿರುಗುವಾಗ ಚೌಕದಲ್ಲಿ ಮಾಮ ಇರಲಿಲ್ಲ. ಹಾರ ಕಾರಂಜಿಯ ಗ್ರಿಲ್ಲಿಗೆ ಸಿಕ್ಕಿಸಿತ್ತು. ಕೆಳಗೆ ಹೊಸ ಟೈಲ್ಸ್ ಮೇಲೆ ಒಂದು ಹಿಡಿ ಮಣ್ಣು ಬಿದ್ದಿತ್ತು. ಮರುದಿನ ಕಸ ಗುಡಿಸುವವರು ಎರಡನ್ನೂ ತೆಗೆದರು.