ಬೀಡಿ ಸೇದದ ಹೊಗೆಬಂಡಿ

ನನ್ನ ತಮ್ಮನನ್ನು ಅವನು ಕೆಲಸ ಮಾಡುವ ಫರ್ನಿಚರ್ ಕಾರ್ಖಾನೆಯಲ್ಲಿ ಎಲ್ಲರೂ ಹೊಗೆಬಂಡಿ ಎಂದೇ ಕರೆಯುತ್ತಾರೆ. ದಿನಕ್ಕೆ ಮೂರು ಸಲ ಹಿಂದಿನ ಗೋಡೆಯ ಮರೆಗೆ ಹೋಗಿ ಬೀಡಿ ಎಳೆದು ಬರುತ್ತಾನೆ ಎಂದು ಅವರ ನಂಬಿಕೆ. ಅವನೋ, ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ತುಟಿಗೆ ತಾಗಿಸಿದವನಲ್ಲ. ಎರಡು ಮನೆ ಆಚೆ ಯಾರಾದರೂ ಸೇದಿದರೂ ಅವನಿಗೆ ಎದೆ ಕಟ್ಟುತ್ತದೆ. ಗೋಡೆಯ ಮರೆಯಲ್ಲಿ ಅವನು ಎಳೆಯುತ್ತಿದ್ದದ್ದು ಅಸ್ತಮಾದ ನೀಲಿ ಪಂಪು. ಔಷಧದ ಅಂಗಡಿಯವನನ್ನು ಬಿಟ್ಟರೆ ಇದು ಗೊತ್ತಿದ್ದದ್ದು ಅವನಿಗೆ, ನಮ್ಮಮ್ಮನಿಗೆ, ನನಗೆ ಮಾತ್ರ. ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಸಂಸಾರ ಮಾಡಿದವಳಿಗೆ! ಹೇಳಿಕೊಳ್ಳಲು ನನಗೇ ಮುಖವಿಲ್ಲ, ಆದರೂ ಹೇಳುತ್ತೇನೆ. ಈ ಘನಕಾರ್ಯದಲ್ಲಿ ನನ್ನ ಪಾಲು ದೊಡ್ಡದು.

ಅವನಿಗೆ ಉಬ್ಬಸ ಶುರುವಾದಾಗ ಆರು ವರ್ಷ. ಎದೆಯಲ್ಲಿ ಕುಂಯ್ ಕುಂಯ್ ಎಂದು ಸದ್ದು, ಕತ್ತಿನ ಗುಳಿ ಒಳಗೆ ಎಳೆದುಕೊಳ್ಳುವುದು. ಅಮ್ಮ ಮೊದಲು ಮಾಡಿದ ಕೆಲಸ ಕಿಟಕಿ ಮುಚ್ಚಿದ್ದು. ಗಾಳಿ ತಾಗದಿರಲಿ ಎಂದಲ್ಲ, ಪಕ್ಕದ ಮನೆಗೆ ಕೇಳದಿರಲಿ ಎಂದು. "ದಮ್ಮು ಅಂತ ಊರಿಗೆಲ್ಲ ಗೊತ್ತಾದ್ರೆ ನಾಳೆ ಇವನಿಗೆ ಹೆಣ್ಣು ಯಾರೇ ಕೊಡ್ತಾರೆ?" ಎಂದಳು. ಹುಡುಗನಿಗೆ ಹಾಲುಹಲ್ಲು ಬಿದ್ದಿರಲಿಲ್ಲ, ಅಮ್ಮನಿಗೆ ಆಗಲೇ ಸೊಸೆಯ ಚಿಂತೆ.

ನಮ್ಮ ಮಾತೂ ಹಾಗೇ ಇದೆ ನೋಡಿ. ದಮ್ಮು ಎಂದರೆ ಉಸಿರಿನ ರೋಗ. ದಮ್ ಇದೆಯಾ ಎಂದರೆ ಎದೆಗಾರಿಕೆ ಇದೆಯಾ ಎಂದು. ದಮ್ ಹೊಡೆಯುವುದೆಂದರೆ ಬೀಡಿ ಸೇದುವುದು. ದೊಡ್ಡವನಾದ ಮೇಲೆ ನಮ್ಮ ತಮ್ಮ ಮೂರನ್ನೂ ಕಲಸಿಬಿಟ್ಟ. ಪಂಪು ಬೇಕಾದಾಗ "ಅಕ್ಕ, ಒಂದು ದಮ್ ಹೊಡ್ಕೊಂಡು ಬರ್ತೀನಿ" ಎಂದು ಕಣ್ಣು ಮಿಟುಕಿಸಿ ಹಿತ್ತಿಲಿಗೆ ಹೋಗುತ್ತಿದ್ದ. ಇಬ್ಬರೂ ನಗುತ್ತಿದ್ದೆವು.

ಹೆಣ್ಣು ನೋಡಲು ಹೋದ ದಿನವೂ ಹಾಗೇ ಎದ್ದುಹೋದ. ತಿರುಗಿ ಬಂದಾಗ ಏನನ್ನೋ ಜೇಬಿಗೆ ಸೇರಿಸುತ್ತಿದ್ದದ್ದು ಹುಡುಗಿಯ ಅಪ್ಪನ ಕಣ್ಣಿಗೆ ಬಿತ್ತು. "ಏನಾದ್ರೂ ಅಭ್ಯಾಸ ಇದೆಯಾ ಹುಡುಗನಿಗೆ?" ಎಂದು ನನ್ನನ್ನೇ ಕೇಳಿದರು. ನಾನು ಒಂದು ಕ್ಷಣವೂ ತಡಮಾಡಲಿಲ್ಲ. "ಅಪರೂಪಕ್ಕೊಂದು ಬೀಡಿ ಅಷ್ಟೇ. ಮದ್ವೆ ಆದ್ಮೇಲೆ ನಿಮ್ಮ ಮಗಳೇ ಬಿಡಿಸ್ತಾಳೆ ಬಿಡಿ" ಎಂದೆ. ಎಲ್ಲರೂ ಘೊಳ್ ಎಂದು ನಕ್ಕರು, ಸಂಬಂಧ ಕುದುರಿತು. ಬೀಡಿ ಸೇದುವ ಗಂಡು ನಡೆಯುತ್ತದೆ, ಉಸಿರಿಲ್ಲದ ಗಂಡು ನಡೆಯುವುದಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ, ಥೂ.

ಅಂದಿನಿಂದ ಅವನು ಸೇದದ ಬೀಡಿಯ ವಾಸನೆ ಮರೆಸಲು ಪೆಪ್ಪರಮೆಂಟು ತಿನ್ನತೊಡಗಿದ. ಕಾರ್ಖಾನೆಯಲ್ಲಿ ಅವನದು ಪಾಲಿಶ್ ಕೆಲಸ. ಕುರ್ಚಿ, ಮಂಚ, ಬೀರುಗಳನ್ನು ಪಾಲಿಶ್ ಪೇಪರಿನಿಂದ ನುಣ್ಣಗೆ ಉಜ್ಜುವುದು, ಮೇಲೆ ವಾರ್ನಿಷ್ ಬಳಿಯುವುದು. ಅಸ್ತಮಾ ಇರುವವನಿಗೆ ಹೇಳಿ ಮಾಡಿಸಿದ ಕೆಲಸ! ಸಂಜೆಯ ಹೊತ್ತಿಗೆ ರೆಪ್ಪೆಯ ಮೇಲೂ ಮರದ ಪುಡಿ. ಒಮ್ಮೆ ಮಾಲೀಕರು ಥಿನ್ನರ್ ಡಬ್ಬಗಳ ಹಿಂದೆ ಅವನು ಬಗ್ಗಿ ನಿಂತದ್ದನ್ನು ಕಂಡು ಕೂಗಾಡಿದರು. "ಇಡೀ ಕಾರ್ಖಾನೆ ಸುಟ್ಟು ಹಾಕ್ತೀಯೇನಯ್ಯಾ? ಇನ್ನೊಂದ್ ಸಲ ಇಲ್ಲಿ ಬೀಡಿ ಹಚ್ಚಿದ್ರೆ ಮನೆಗೆ ಹೋಗ್ತಿರು!" ಜೇಬಿನಿಂದ ಪಂಪು ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಅವನು ಎಲ್ಲರೆದುರು ತಲೆ ತಗ್ಗಿಸಿ "ತಪ್ಪಾಯ್ತು ಸಾರ್" ಎಂದ.

ಇಷ್ಟೇ ಆಗಿದ್ದರೆ ಅವನ ಪಾಡು ಅವನಿಗೆ ಎನ್ನಬಹುದಿತ್ತು. ಅವನ ಮಗಳಿಗೆ ಎಂಟು ವರ್ಷ, ಬಾಯಿಗೆ ಬಿಡುವಿಲ್ಲದ ಹುಡುಗಿ, ಒಂದೇ ಮನೆಯಲ್ಲಿರುವ ನಾವೆಲ್ಲ ಅವಳನ್ನು ಪಟಾಕಿ ಎನ್ನುತ್ತೇವೆ. ಸಂಜೆ ಅಪ್ಪ ಬಂದ ಕೂಡಲೇ ಓಡಿಹೋಗಿ ಪುಡಿ ಮೆತ್ತಿದ ಅಂಗಿಯ ಸಮೇತ ಕುತ್ತಿಗೆಗೆ ಜೋತುಬೀಳುತ್ತಿದ್ದಳು. ಈ ವರ್ಷ ಅವಳಿಗೂ ಕೆಮ್ಮು ಬಂತು, ಬಂದದ್ದು ಹೋಗಲಿಲ್ಲ. ಒಂದು ದಿನ ಮಾತಿನ ಮಧ್ಯೆ ನಿಲ್ಲಿಸಿ ಉಸಿರೆಳೆದುಕೊಂಡಳು. ಪಟಾಕಿ ಮಾತು ನಿಲ್ಲಿಸಿದ್ದು ಅದೇ ಮೊದಲು. ಆ ಕುಂಯ್ ಸದ್ದು ಕೇಳಿ ನಾನೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಅಸ್ತಮಾ ಎಂದರು. ಎರಡು ಪಂಪು ಕೊಟ್ಟರು. ಕಂದು ಬಣ್ಣದ್ದು ದಿನವೂ ಬೆಳಿಗ್ಗೆ ಸಂಜೆ, ಮಗು ಚೆನ್ನಾಗಿದ್ದರೂ ತಪ್ಪಿಸುವಂತಿಲ್ಲ. ನೀಲಿಯದು ಉಸಿರು ಹಿಡಿದಾಗ. ಚಿಕ್ಕವಳಾದ್ದರಿಂದ ಜೊತೆಗೊಂದು ಪ್ಲಾಸ್ಟಿಕ್ ಕೊಳವೆ. ಆಮೇಲೆ ಪೆನ್ನು ಹಿಡಿದು ಕೇಳಿದರು, "ಮನೇಲಿ ಇನ್ಯಾರಿಗಾದ್ರೂ ಇದೆಯಾ? ಅಪ್ಪ, ಅಮ್ಮ, ಅಜ್ಜ, ಅಜ್ಜಿ?"

"ಇಲ್ಲ" ಎಂದ ನನ್ನ ತಮ್ಮ. ನಾನು ಪಕ್ಕದಲ್ಲೇ ಕೂತಿದ್ದೆ. ಮಗುವಿನ ಜಡೆಯ ರಿಬ್ಬನ್ ಬಿಗಿಮಾಡಿದೆ.

"ಯಾರಾದ್ರೂ ಸೇದ್ತಾರಾ?"

"ಇವರು ಸೇದ್ತಾರೆ ಡಾಕ್ಟ್ರೇ" ಎಂದಳು ಅವನ ಹೆಂಡತಿ, ಅಳುವ ದನಿಯಲ್ಲಿ. "ಹೊರಗೆ ಹೋಗಿ ಸೇದ್ತಾರೆ. ಎಷ್ಟು ಹೇಳಿದ್ರೂ ಕೇಳಲ್ಲ."

ಡಾಕ್ಟರಮ್ಮ ಅವನ ಚಳಿ ಬಿಡಿಸಿದರು. ಬಟ್ಟೆಗೆ ಅಂಟಿದ ಹೊಗೆಯೂ ಸಾಕು ಮಗುವಿನ ಉಸಿರು ಕೆಡಿಸಲು, ಅಪ್ಪ ಅನ್ನಿಸಿಕೊಂಡವರಿಗೆ ಇಷ್ಟೂ ಬೇಡವೇ ಎಂದರು. ಬಟ್ಟೆಗೆ ಅಂಟಿದ್ದೇನು ಎಂದು ಅವರಿಗೆ ಹೇಳುವವರು ಯಾರು? ಕಾರಣ ಸಿಕ್ಕಿತು ಎಂದುಕೊಂಡು ಅವರು ಬೇರೇನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಅವನ ಕೈ ಹಿಡಿದೆಳೆದು ಮಗಳ ತಲೆಯ ಮೇಲೆ ಇಟ್ಟಳು. "ಇವಳ ಮೇಲೆ ಆಣೆ ಮಾಡಿ. ಇನ್ಮೇಲೆ ದಮ್ ಹೊಡೆಯಲ್ಲ ಅನ್ನಿ."

"ಇನ್ಮೇಲೆ ದಮ್ ಹೊಡೆಯಲ್ಲ" ಎಂದ ಅವನು.

ಆ ಮೂರ್ಖ ಆಣೆಯನ್ನು ಪಾಲಿಸಿಯೂಬಿಟ್ಟ. ಪಂಪನ್ನು ಕಾರ್ಖಾನೆಯ ಪೆಟ್ಟಿಗೆಯಲ್ಲಿಟ್ಟು ಮುಟ್ಟಲಿಲ್ಲ. ಅವನ ಉಸಿರು ದಿನದಿನಕ್ಕೆ ಬಿಗಿಯಾಗುವುದು ನನಗೆ ಕಾಣುತ್ತಿತ್ತು. ಒಂದು ದಿನ ಬಾಗಿಲ ಬಳಿ ತಡೆದು ಬೈದೆ. "ತಲೆ ನೆಟ್ಟಗಿದೆಯೇನೋ? ಆಣೆ ಬೀಡಿಗೆ ಕಣೋ, ಪಂಪಿಗಲ್ಲ!"

"ಬಾಯಲ್ಲಿ ಬಂದಿದ್ದು ಅದೇ ಮಾತಲ್ವಾ ಅಕ್ಕ" ಎಂದ. "ಮಗೂ ತಲೆ ಬೆಚ್ಚಗಿತ್ತು, ಕೈಯಿಟ್ಟಾಗ. ಆಗೋದಿಲ್ಲ ನನ್ನ ಕೈಲಿ."

"ಹಾಗಾದ್ರೆ ನಿಜ ಹೇಳು ನಿನ್ನ ಹೆಂಡತಿಗೆ."

"ನೀನು ಹೇಳ್ತೀಯಾ?"

ನಾನು ಬಾಗಿಲು ಬಿಟ್ಟು ಸರಿದೆ.

ಅತ್ತ ಅಮ್ಮ ಬೇರೆ ರಾಗ ತೆಗೆದಿದ್ದಳು. "ನಮ್ಮ ವಂಶದಲ್ಲಿ ಇಂಥದ್ದು ಇಲ್ಲಪ್ಪ. ಬೀಗರು ಸಾಯೋ ತನಕ ಕೆಮ್ಮುತಾನೇ ಇದ್ರಲ್ಲ" ಎಂದು ಸೊಸೆಗೆ ಕೇಳುವಂತೆ ಹೇಳುತ್ತಿದ್ದಳು. ಮಗನ ಎದೆಗೆ ಅವನ ಮದುವೆಯ ತನಕ ಮುಲಾಮು ತಿಕ್ಕಿದ ಹೆಂಗಸು! ಒಂದು ಮಧ್ಯಾಹ್ನ ತಮ್ಮನ ಹೆಂಡತಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. "ನಮ್ಮ ಕಡೆಯಿಂದಾನೇ ಬಂತಲ್ಲ ಅತ್ತಿಗೆ, ನನ್ನಿಂದ ಮಗುಗೆ ಹೀಗಾಯ್ತಲ್ಲ." ನಾನು ಅವಳ ಕೂದಲು ಸವರುತ್ತಾ "ಹೋಗ್ಲಿ ಬಿಡೇ, ಬೇಕೂಂತ ಯಾರೂ ಮಾಡಲ್ಲ" ಎಂದೆ. ಕ್ಷಮಿಸುವವಳ ಹಾಗೆ! ಆ ಮಾತು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆಣೆಯಾಗಿ ಹನ್ನೆರಡನೆಯ ದಿನ, ಭಾನುವಾರ. ಮಗುವಿನ ಹಾಸಿಗೆಯಲ್ಲಿ ಧೂಳು ಇರಬಾರದು ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಹಳೆಯ ಹತ್ತಿಯ ಹಾಸಿಗೆಯನ್ನು ತಮ್ಮ ಅಂಗಳಕ್ಕೆ ತಂದು ಕೋಲಿನಿಂದ ಬಡಿಯತೊಡಗಿದ. ನಾಲ್ಕು ಏಟಿಗೆ ಕೋಲು ಕೈಜಾರಿತು. ಮೆಟ್ಟಿಲ ಮೇಲೆ ಕುಸಿದು ಕೂತ. ಮಂಡಿಯ ಮೇಲೆ ಕೈಯೂರಿ ಹೆಗಲು ಎತ್ತೆತ್ತಿ ಉಸಿರೆಳೆಯುತ್ತಿದ್ದ, ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿ ಬೂದಿ ಬಣ್ಣಕ್ಕೆ ತಿರುಗಿತು. "ಏನಾಗ್ತಿದೆ ರೀ? ಎದೆ ನೋವಾ?" ಎಂದು ಹೆಂಡತಿ ಚೀರುತ್ತಿದ್ದಳು. ಏನಾಗುತ್ತಿದೆ ಎಂದು ಗೊತ್ತಿದ್ದ ನಾನು ಕಂಬದ ಹಾಗೆ ನಿಂತಿದ್ದೆ. ಜೀವ ಹೋಗುವ ಹೊತ್ತಿನಲ್ಲೂ ನನಗೆ ಗುಟ್ಟಿನ ಚಿಂತೆ.

ಪಟಾಕಿ ಒಳಗೆ ಓಡಿ ತನ್ನ ನೀಲಿ ಪಂಪು ತಂದಳು. "ತಗೋ ಅಪ್ಪ. ನಂಗೂ ಹಿಂಗೇ ಆಗೋದು."

ಅವನು ಬೇಡ ಎಂದು ತಲೆಯಾಡಿಸಿ ಅವಳ ತಲೆಯ ಕಡೆ ಬೆರಳು ತೋರಿಸಿದ. ಆಣೆ! ನನಗೆ ಮಾತ್ರ ಅರ್ಥವಾಯಿತು.

"ತಗೋ ಅಂದ್ರೆ ತಗೋ!" ಎಂದು ಅವಳು ಗದರಿ ಕೈಗೆ ತುರುಕಿದಳು.

"ಕೊಳವೆ ತಾರೇ, ಅಪ್ಪಂಗೆ ಬರಲ್ಲ ಅದು" ಎಂದು ಅವಳಮ್ಮ ಒಳಗೆ ಹೊರಟವಳು ಹೊಸ್ತಿಲಲ್ಲೇ ನಿಂತಳು. ಅವನು ಹೆಬ್ಬೆರಳಿನಿಂದ ಮುಚ್ಚಳ ಹಾರಿಸಿದ್ದ. ಪಂಪನ್ನು ಕುಲುಕಿದ. ಇದ್ದಷ್ಟು ಉಸಿರನ್ನು ಹೊರಗೆ ಬಿಟ್ಟು, ಗಲ್ಲ ಎತ್ತಿ, ಒತ್ತುವುದೂ ಎಳೆಯುವುದೂ ಒಂದೇ ಕ್ಷಣಕ್ಕೆ ಬರುವಂತೆ ಎಳೆದುಕೊಂಡ. ಕಣ್ಣು ಮುಚ್ಚಿ, ಬೆರಳಿನಿಂದ ಮಂಡಿಯ ಮೇಲೆ ಒಂದೊಂದೇ ಎಣಿಸುತ್ತಾ ಉಸಿರು ಹಿಡಿದ. ತುಸು ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು. ಕೊಳವೆಯಿದ್ದೂ ಇದರಲ್ಲಿ ಅರ್ಧವನ್ನು ಮಗಳಿಗೆ ಕಲಿಸಲು ಅವನ ಹೆಂಡತಿ ಕನ್ನಡಿ ಮುಂದೆ ಹತ್ತು ದಿನ ಒದ್ದಾಡಿದ್ದಳು.

ಅವನ ತುಟಿಗೆ ಬಣ್ಣ ಮರಳುವ ತನಕ ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು. "ಎಷ್ಟು ವರ್ಷದಿಂದ?" ಎಂದಳು ಆಮೇಲೆ.

"ಆರು ವರ್ಷದವನಿದ್ದಾಗಿಂದ."

"ಮತ್ತೆ ಬೀಡಿ?"

ಅವನು ಇಲ್ಲವೆಂದು ತಲೆಯಾಡಿಸಿದ.

ಅವಳು ನನ್ನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಾ ಅತ್ತಿಗೆ?"

"ಗೊತ್ತಿತ್ತು" ಎಂದೆ. ಬೀಡಿಯ ಕಥೆ ಹೆಣೆದವಳೇ ನಾನು ಎಂದೂ ಹೇಳಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. "ನಮ್ಮಪ್ಪನ ಫೋಟೋ ಮುಂದೆ ನಿಂತ್ಕೊಂಡು ಬೈದಿದ್ದೀನಿ ಅತ್ತಿಗೆ" ಎಂದಳು ಮೆಲ್ಲಗೆ. "ಇದೇನಪ್ಪ ಕೊಟ್ಟುಹೋದೆ ನನ್ನ ಮಗಳಿಗೆ ಅಂತ. ಸತ್ತೋರನ್ನ ಬೈದೆ." ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಆವತ್ತೇ ನಾವೆಲ್ಲ ಡಾಕ್ಟರಮ್ಮನ ಮುಂದೆ ಕೂತೆವು. ಈ ಸಲ ನನ್ನ ತಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ, ಇದ್ದಷ್ಟು ಉಸಿರಿಗೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. "ಮೊದಲೇ ಹೇಳಿದ್ರೆ ಆ ಮರದ ಪುಡಿ ಬಗ್ಗೆ ಕೇಳ್ತಿದ್ದೆನಲ್ರೀ" ಎಂದರು. ಕೆಲಸದಲ್ಲಿ ಮಾಸ್ಕ್ ಹಾಕಬೇಕು, ಅಂಗಿ ಅಲ್ಲೇ ಬದಲಿಸಿ, ಸ್ನಾನ ಮಾಡಿದ ಮೇಲೆಯೇ ಮಗಳನ್ನು ಎತ್ತಬೇಕು. ಇಷ್ಟು ವರ್ಷ ಬರೀ ನೀಲಿಯಲ್ಲಿ ದಿನ ದೂಡಿದ್ದು ತಪ್ಪು, ಅವನಿಗೂ ದಿನದ ಪಂಪು ಬೇಕು, ಅವನದೇ ಬೇರೆ. ಇಷ್ಟಾದರೂ ಎದೆ ಹಗುರಾಗದಿದ್ದರೆ ಕೆಲಸವನ್ನೇ ಬದಲಿಸುವ ಯೋಚನೆ ಮಾಡಬೇಕು.

ಆಮೇಲೆ ಮಗುವಿನ ಕಡೆ ಬಗ್ಗಿ ಕೇಳಿದರು. "ಸ್ಕೂಲಲ್ಲಿ ಉಸಿರು ಹಿಡಿದ್ರೆ ಏನ್ ಮಾಡ್ತೀಯ ಪುಟ್ಟ?"

"ಟಾಯ್ಲೆಟ್ಟಿಗೆ ಹೋಗಿ ಪಂಪ್ ತಗೋತೀನಿ."

"ಟಾಯ್ಲೆಟ್ಟಿಗೆ ಯಾಕೆ?"

"ಯಾರಿಗೂ ಕಾಣಬಾರ್ದಲ್ವಾ? ಮೊನ್ನೆ ಸೂಸೂಗೆ ಹೋದಾಗ ಚಿಲಕ ಸಿಕ್ಕಾಕೊಂಡ್ಬಿಡ್ತು. ಪಂಪ್ ಕ್ಲಾಸಲ್ಲಿ, ಬ್ಯಾಗಲ್ಲೇ ಇತ್ತು. ಉಸಿರೇ ಬರ್ತಿರ್ಲಿಲ್ಲ. ಆದ್ರೂ ನಾನು ಬಾಗಿಲು ಬಡೀಲಿಲ್ಲ. ಬಡಿದ್ರೆ ಎಲ್ರಿಗೂ ಗೊತ್ತಾಗುತ್ತಲ್ಲ. ಆಯಾ ಬಂದು ತೆಗೆದ್ರು."

ಅವಳಮ್ಮ ಅವಳನ್ನು ತನ್ನತ್ತ ತಿರುಗಿಸಿಕೊಂಡಳು. "ಯಾರೇ ಹೇಳಿದ್ದು ನಿಂಗೆ, ಕಾಣಬಾರ್ದು ಅಂತ?"

"ಅತ್ತೆ" ಎಂದಳು ಪಟಾಕಿ, ನನ್ನತ್ತ ನೋಡದೆ.

ಹೌದು, ನಾನೇ ಹೇಳಿದ್ದೆ. ಬೆಳಿಗ್ಗೆ ಜಡೆ ಹಾಕುತ್ತಾ, ಮುದ್ದು ಮಾಡುತ್ತಾ ಹೇಳಿದ್ದೆ. ಅವಳ ಒಳ್ಳೆಯದಕ್ಕೇ ಎಂದುಕೊಂಡಿದ್ದೆ. ನನ್ನ ತಮ್ಮ ನೆಲ ನೋಡುತ್ತಿದ್ದ.

"ನಾಳೆ ನಾನೇ ನಿನ್ ಜೊತೆ ಸ್ಕೂಲಿಗೆ ಬರ್ತೀನಿ ಕಣೆ. ಟೀಚರಿಗೆ ಎಲ್ಲ ಹೇಳ್ತೀನಿ" ಎಂದೆ.

ಅವಳು ಈಗ ನನ್ನತ್ತ ತಿರುಗಿದಳು. "ಬೇಡ ಅತ್ತೆ, ಅಪ್ಪ ಬರ್ಲಿ" ಎಂದಳು. "ನೀವು ಸುಳ್ಳು ಹೇಳ್ತೀರ."

ದೊಡ್ಡವರಿಗೆ ಹಾಗೆಲ್ಲ ಅನ್ನಬಾರದು ಎಂದು ಯಾರೂ ಅವಳನ್ನು ಗದರಲಿಲ್ಲ.