ಏಳನೆಯ ಸೂಚನೆ

ನಿನ್ನೆ ಬೆಳಿಗ್ಗೆ ಅಟ್ಟದ ಮೇಲಿನಿಂದ ಹಳೆಯ ಸೂಟ್‌ಕೇಸ್ ಇಳಿಸಿ ತೆರೆದೆ. ಶೇಂಗಾ ಚಟ್ನಿಯ ವಾಸನೆ ಬಂತು. ಇಪ್ಪತ್ತೈದು ವರ್ಷವಾದರೂ ಹೋಗಿಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ವಿಮಾನದ ಹೊಟ್ಟೆಯಲ್ಲಿ ಖಾನಾಪುರದ ಚಟ್ನಿ ಡಬ್ಬಿ ಬಾಯಿ ಬಿಟ್ಟದ್ದನ್ನು ಕಂಡವರು ಮಾತ್ರ ನಂಬುತ್ತಾರೆ. ರಾಮತೀರ್ಥ ನಗರದ ನಮ್ಮ ಹಿರಿಯರ ಬಳಗ ಬರುವ ತಿಂಗಳು ವಿಯೆಟ್ನಾಂಗೆ ಹೊರಟಿದೆ. ಹೊರಡುವವರಿಗೆ ಸಂಜೆಯ ಸಭೆಯಲ್ಲಿ ನಾಲ್ಕು ತಿಳಿವಳಿಕೆಯ ಮಾತು ಹೇಳಬೇಕೆಂದು ನನ್ನನ್ನು ಕೇಳಿದ್ದರು, ಏಕೆಂದರೆ ನಾನು ಅನುಭವಸ್ಥ. ಆ ಅನುಭವ ಎಂಥದೆಂದು ನಿಮಗೆ ಹೇಳುತ್ತೇನೆ. ಬಳಗದವರಿಗೆ ಮುಟ್ಟಿಸಬೇಡಿ.

ಎರಡು ಸಾವಿರದ ಇಸವಿಯ ಆಸುಪಾಸು ನಾನು ಇದೇ ಊರಿನ ಹಿಂದವಾಡಿ ಬಡಾವಣೆಯ ಒಂದು ಪ್ರವಾಸ ಕಚೇರಿಯಲ್ಲಿದ್ದೆ. ಕಚೇರಿ ಎಂದರೆ ಒಂದು ಟೇಬಲ್ಲು, ಒಂದು ಫೋನು, ಗೋಡೆಯ ಮೇಲೆ ಐಫೆಲ್ ಗೋಪುರದ ಚಿತ್ರ, ಮತ್ತು ಟೈ ಕಟ್ಟಿಕೊಂಡ ನಾನು. ವಿದೇಶವನ್ನು ನಾನು ಕಂಡದ್ದು ಆ ಚಿತ್ರದಲ್ಲಿ. ವಿಮಾನವನ್ನು ಕಂಡದ್ದು ಸಾಂಬ್ರಾ ವಿಮಾನ ನಿಲ್ದಾಣದ ತಂತಿಬೇಲಿಯ ಹೊರಗೆ ನಿಂತು. ಮುಂಬಯಿಯ ಮುಖ್ಯ ಕಚೇರಿಯಿಂದ ಬಂದ ಸೂಚನೆಗಳ ಕಾಗದವನ್ನು ಕನ್ನಡಕ್ಕೂ ಮರಾಠಿಗೂ ಇಳಿಸಿ, ಸಪ್ಪೆ ಕಂಡಲ್ಲಿ ನನ್ನ ಕಡೆಯಿಂದ ಉಪ್ಪುಖಾರ ಸೇರಿಸಿ ಓದುವುದೇ ನನ್ನ ಪಾಂಡಿತ್ಯ. ನೀವೆಷ್ಟು ಸಲ ಹೋಗಿ ಬಂದಿದ್ದೀರಿ ಎಂದು ಟೈ ಕಟ್ಟಿಕೊಂಡವನನ್ನು ಯಾರೂ ಕೇಳುವುದಿಲ್ಲ.

ಖಾನಾಪುರದಿಂದ ಹದಿನಾಲ್ಕು ಜನ ಸಿಂಗಾಪುರಕ್ಕೆ ಹೆಸರು ಕೊಟ್ಟರು. ಜತೆಗೆ ನಾನೇ ಹೋಗಬೇಕೆಂದು ಮುಂಬಯಿಯಿಂದ ಅಪ್ಪಣೆಯಾಯಿತು. ಅವರನ್ನೆಲ್ಲ ಒಟ್ಟುಗೂಡಿಸಿದವರು ನೀಲವ್ವ ಅಕ್ಕೋರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಹೆಸರು ಬರೆಸುವಾಗಲೇ ಹೇಳಿದ್ದರು, "ಮೂವತ್ತು ವರ್ಷ ನಕಾಶೆದಾಗ ಬೆರಳಿಟ್ಟು ತೋರಿಸೇನ್ರಿ, ಸಿಂಗಾಪುರ ಒಂದ ಚುಕ್ಕಿ ಅಂತ. ಆ ಚುಕ್ಕಿ ಮ್ಯಾಲೆ ಒಮ್ಮೆ ನಿಂದರಬೇಕು, ಅಷ್ಟ."

ಅಲ್ಲಿನ ಹಂಚಿನ ಕಾರ್ಖಾನೆಯ ಮಾಲೀಕರೊಬ್ಬರ ಪಡಸಾಲೆಯಲ್ಲಿ ತಯಾರಿಯ ಸಭೆ ನಡೆಯಿತು. ಎಲ್ಲರ ಪ್ರಶ್ನೆಯೂ ಊಟದ ಬಗ್ಗೆಯೇ. ಕಡಕ್ ರೊಟ್ಟಿ ವಿಮಾನದಲ್ಲಿ ಮೆತ್ತಗಾಗುತ್ತದೆಯೇ? ಹಾಲಿನ ಕುಂದಾ ಕೆಡದೆ ಎಷ್ಟು ದಿನ ತಡೆಯುತ್ತದೆ? ಪಾಸ್‌ಪೋರ್ಟಿನ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಪೆಟ್ಟಿಗೆ ಗುರುತಿಸಲು ಬಣ್ಣದ ಬಟ್ಟೆ ಕಟ್ಟಿರಿ ಎಂದೆ. ಗುಳಿಗೆಗಳ ಜತೆ ಡಾಕ್ಟರ ಚೀಟಿ ಇರಲಿ ಎಂದೆ. ಹೀಗೆ ಏಳನೆಯ ಸೂಚನೆಗೆ ಬಂದೆ. ಭಾರಿ ಒಡವೆ ಮನೆಯಲ್ಲೇ ಬಿಡಿ ಎಂದಷ್ಟೇ ಮೂಲದಲ್ಲಿತ್ತು. ನನಗೆ ಅದು ಸಾಲಲಿಲ್ಲ.

"ತಪಾಸಣಿ ಬಾಗಲದಾಗ ಕೊಳ್ಳಾಗಿಂದೆಲ್ಲಾ ತಗದು ಬುಟ್ಟ್ಯಾಗ ಇಡಬೇಕ್ರಿ," ಎಂದೆ. "ಒಂದು ದಾರಾ ಸುದ್ದಾ ಬಿಡಂಗಿಲ್ಲ. ಅಲ್ಲಿ ಯಾರ ಮಾತೂ ನಡಿಯೂದಿಲ್ಲ."

ಸಭೆ ಮುಗಿದ ಮೇಲೆ ಅಕ್ಕೋರು ಬಳಿಗೆ ಬಂದರು. "ನನ್ನ ಹೆಸರ ತಗದ ಬಿಡ್ರಿ. ನಾ ಬರೂದಿಲ್ಲ."

"ಯಾಕ್ರೀ ಅಕ್ಕೋರ?"

"ಸುಮ್ನ."

ವಿಮಾನಕ್ಕೆ ಹೆದರಿದ್ದಾರೆ ಎಂದುಕೊಂಡೆ. ಮರುದಿನ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋಗಿ ಅವರ ಮನೆಯಲ್ಲಿ ಕುಳಿತೆ. ಚಹಾ, ಚುರುಮುರಿ ಬಂದವು. ಎದುರಿನ ಗೋಡೆಯ ಮೇಲೆ ಬಟ್ಟೆಗೆ ಅಂಟಿಸಿದ ದೊಡ್ಡ ಭೂಪಟ. ಬೆರಳಿಟ್ಟು ಇಟ್ಟು ಸಿಂಗಾಪುರದ ಹತ್ತಿರ ಬಣ್ಣವೇ ಅಳಿಸಿಹೋಗಿತ್ತು. ನಾನು ವಿಮಾನದ ಸುರಕ್ಷತೆಯ ಮೇಲೆ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಪಾಠ ಒಪ್ಪಿಸುವ ಹುಡುಗನ ಮಾತು ಕೇಳಿದಂತೆ ಅಕ್ಕೋರು ಪೂರ್ತಿ ಕೇಳಿದರು. ಆಮೇಲೆ ಸೆರಗಿನ ಮೇಲಿಂದ ಎದೆಯ ಹತ್ತಿರ ಕೈಯಿಟ್ಟರು.

"ಅಂಜಿಕಿ ಅಲ್ಲ ತಮ್ಮಾ. ಇದು ಎಂಟನೇ ವಯಸ್ಸಿನ್ಯಾಗ ಕಟ್ಟಿದ ಲಿಂಗ. ಜಳಕಕ್ಕ ತಗದಿಲ್ಲ, ಹಡಿಯೂ ಹೊತ್ತಿನ್ಯಾಗ ತಗದಿಲ್ಲ. ಮಂದಿ ಮುಂದ ತಗದು ಬುಟ್ಟ್ಯಾಗ ಹಾಕಿ, ಆಚೀ ಕಡೆ ಹೋಗಿ ತಗೋ ಅಂದ್ರ ನನಗ ಸಿಂಗಾಪುರ ಬ್ಯಾಡ."

ಹದಿನಾಲ್ಕರಲ್ಲಿ ಅರ್ಧದಷ್ಟು ಜನ ಲಿಂಗ ಕಟ್ಟಿದವರೆಂದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

"ಆ ಬಾಗಲಾ ಹೆಂಗಿರ್ತೈತಿ?" ಎಂದು ಕೇಳಿದರು.

ಟೈ ಸರಿಮಾಡಿಕೊಂಡು ಚುರುಮುರಿಯ ತಟ್ಟೆಗೆ ಕೈಹಾಕಿದೆ.

"ನೀವು ದಾಟೀರೇನು?"

"ಇಲ್ರೀ ಅಕ್ಕೋರ."

"ವಿಮಾನ ಹತ್ತೀರಿ?"

"ಇಲ್ರೀ."

"ಮತ್ತ ಏಳನೇದು ಎಲ್ಲಿಂದ ಬಂತು?"

"ನಾನ ಸೇರಿಸೇನ್ರಿ."

ಅವರು ನಗಲಿಲ್ಲ, ಬೈಯಲಿಲ್ಲ. ಅಷ್ಟು ನಾಚಿಕೆ ನನಗೆ ಮದುವೆಯಲ್ಲೂ ಆಗಿರಲಿಲ್ಲ. "ಗೊತ್ತಿದ್ದವರನ್ನ ಕೇಳಿಕೊಂಡ ಬರ್ರಿ," ಎಂದಷ್ಟೇ ಹೇಳಿದರು.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಮುಂಬಯಿಗೆ ಫೋನು ಹಚ್ಚಿದೆ. ಆ ನೌಕರಿಯಲ್ಲಿ ನಾನು ಯಾರನ್ನಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಪೂಜೆಯ ವಸ್ತುವನ್ನು ಯಾರೂ ತೆಗೆಸುವುದಿಲ್ಲ, ಲೋಹಕ್ಕೆ ಬಾಗಿಲು ಸದ್ದು ಮಾಡಿದರೆ ಪರದೆಯ ಹಿಂದೆ ಹೆಣ್ಣುಮಕ್ಕಳೇ ನೋಡುತ್ತಾರೆ ಎಂದು ಉತ್ತರ ಬಂತು. ತಿರುಗಿ ಓಡಿ ಬಂದು ಹೇಳಿದೆ. ಅಕ್ಕೋರು ಒಂದು ಗಳಿಗೆ ಯೋಚಿಸಿದರು. "ಲಿಂಗ ಬಿಳೇ ಅರಿವ್ಯಾಗ ಸುತ್ತಿ ಕೊಳ್ಳಾಗ ಕಟಗೋತೀನಿ. ಲಿಂಗ ಇಡೂ ಬೆಳ್ಳಿ ಕರಡಿಗಿ ಪೆಟ್ಟಿಗ್ಯಾಗ ಇರಲಿ. ಅವರಿಗೂ ತ್ರಾಸ ಬ್ಯಾಡ."

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಅಕ್ಕೋರು ಎಲ್ಲರಿಗಿಂತ ಮುಂದೆ ಆ ಬಾಗಿಲು ದಾಟಿದರು. ಅದು ಉಸಿರೆತ್ತಲಿಲ್ಲ. ತಾಳಿ, ಸರ, ತಾಯಿತಗಳೆಲ್ಲ ಕೊರಳಲ್ಲೇ ದಾಟಿದವು. ಕೊನೆಗೆ ನಾನು ಹೋದೆ. ಬಾಗಿಲು ಚೀರಿತು. ಟೈಯ ಕೆಳಗೆ ಸೊಂಟದಲ್ಲಿ ನನ್ನ ಎಲೆ ಅಡಿಕೆಯ ಚಂಚಿ, ಅದರೊಳಗೆ ನನ್ನ ಅಪ್ಪನ ಹಿತ್ತಾಳೆಯ ಅಡಕತ್ತರಿ. ಪೊಲೀಸಿನವನು ಅದನ್ನು ಎತ್ತಿ, ಉಳಿದವರ ಚಾಕು ಕತ್ತರಿಗಳಿದ್ದ ಬುಟ್ಟಿಗೆ ಹಾಕಿದ. ಅದು ಅಪ್ಪನದು ಎಂದು ಬುಟ್ಟಿಯತ್ತ ಕೈ ಚಾಚಿದೆ, ಅವನು ಬುಟ್ಟಿಯನ್ನು ಆಚೆ ಸರಿಸಿದ. ಅಕ್ಕೋರು ಹೆಸರು ತೆಗೆಸಿದ್ದು ಏಕೆಂದು ಆಗ ಸರಿಯಾಗಿ ತಿಳಿಯಿತು.

ಆಚೆ ಹದಿನಾಲ್ಕು ಜನ ಸಾಲಾಗಿ ನಿಂತು ತೃಪ್ತಿಯಿಂದ ನೋಡುತ್ತಿದ್ದರು.

"ಎಂಟನೇ ಸೂಚನಾ ಏನಿತ್ತ ತಮ್ಮಾ?" ಎಂದರು ಅಕ್ಕೋರು.

"ಹರಿತಾದ್ದು ಜತಿಗೆ ತರಬಾರದ್ರಿ."

"ಹಾಂ. ನಡೀರಿ."

ಸಿಂಗಾಪುರದಲ್ಲಿ ಇಳಿದಾಗ ಪೆಟ್ಟಿಗೆಗಳು ಪಟ್ಟಿಯ ಮೇಲೆ ತಿರುಗಿ ಬಂದವು. ನನ್ನ ಮಾತು ಮೀರದೆ ಎಲ್ಲರೂ ಗುರುತು ಕಟ್ಟಿದ್ದರು. ಒಂದೇ ಅಂಗಡಿಯ ಒಂದೇ ಕೆಂಪು ಕುಪ್ಪಸದ ಖಣವನ್ನು ಹರಿದು ಹದಿನಾಲ್ಕೂ ಪೆಟ್ಟಿಗೆಗೆ ಕಟ್ಟಿದ್ದರು. ಯಾವುದು ಯಾರದೆಂದು ಬಿಡಿಸಲು ಒಂದು ತಾಸು ಹಿಡಿಯಿತು. ಖಣವಿಲ್ಲದ ನನ್ನ ಪೆಟ್ಟಿಗೆ ಮಾತ್ರ ದೂರದಿಂದಲೇ ತಿಳಿಯಿತು, ಅವರ ಪೆಟ್ಟಿಗೆಯಲ್ಲಿ ಹಿಡಿಸದೆ ನನ್ನದರೊಳಗೆ ತುರುಕಿದ್ದ ಚಟ್ನಿಯ ವಾಸನೆಯಿಂದ.

ಹೊರಗೆ ಬಂದು ಅಕ್ಕೋರು ಚಪ್ಪಲಿ ಬಿಟ್ಟು ಕಾಲುದಾರಿಯ ಮೇಲೆ ಬರಿಗಾಲಲ್ಲಿ ನಿಂತರು. ಆ ಕಡೆ, ಈ ಕಡೆ ನೋಡಿದರು. "ಚುಕ್ಕಿ ದೊಡ್ಡದ ಐತಿ," ಎಂದರು. ನಾನು ಸೇರಿಸಿದ ಒಂದು ಸಾಲಿನಿಂದ ಈ ಮಾತು ಖಾನಾಪುರದಲ್ಲೇ ಉಳಿದುಬಿಡುತ್ತಿತ್ತಲ್ಲ ಎಂದು ಕಣ್ಣು ತುಂಬಿತು.

ನಿನ್ನೆ ಸಂಜೆಯ ಸಭೆಗೆ ನಲವತ್ತು ಸೂಚನೆಗಳ ಕಾಗದ ಹಿಡಿದು ಹೋಗಿದ್ದೆ. ಅಂಗಿಗೆ ಚಟ್ನಿಯ ವಾಸನೆ ಹತ್ತಿತ್ತೋ ಏನೋ, ಮೈಕು ಕೈಗೆ ಬಂದಾಗ ಕಾಗದ ಮಡಚಿ ಜೇಬಿಗೆ ಹಾಕಿದೆ. "ಸೂಚನಾ ಆಮ್ಯಾಲೆ ಹೇಳ್ತೀನ್ರಿ. ಯಾರಿಗೆ ಏನು ಬಿಟ್ಟಿರಾಕ ಆಗೂದಿಲ್ಲ, ಮೊದಲ ಅದನ್ನ ಹೇಳ್ರಿ," ಎಂದೆ.

ಹಿಂದಿನ ಸಾಲಿನಿಂದ ಕಾಕತಿಯ ನಿವೃತ್ತ ಕಂಡಕ್ಟರೊಬ್ಬರು ಎದ್ದರು. "ನನ್ನ ಕಿವ್ಯಾಗ ಮಶೀನ್ ಐತ್ರಿ. ತಗೀ ಅಂದ್ರ ತಗೀತೀನಿ. ಆಮ್ಯಾಲೆ ಅವರು ಏನಂದ್ರು ಅಂತ ನನಗ ಹೆಂಗ ಕೇಳಬೇಕು?"

ಎಲ್ಲರೂ ಅನುಭವಸ್ಥನತ್ತ ತಿರುಗಿದರು.

"ಗೊತ್ತಿಲ್ರಿ," ಎಂದೆ. "ನಾಳೆ ಕೇಳಿ ಹೇಳ್ತೀನಿ."