ಉಡಿ ತುಂಬಿಸಿಕೊಂಡ ಬೇವು

ಇವತ್ತು ಸಂತೆಯಿಂದ ಬರುವಾಗ ಬಡಿಗನ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಆಗಷ್ಟೇ ಕೊಯ್ದ ಬೇವಿನ ಹಲಗೆಯ ವಾಸನೆ. ಕಹಿಯೂ ಹೌದು, ಒಂದು ಬಗೆಯ ಸಿಹಿಯೂ ಹೌದು. ಕೈಯಲ್ಲಿ ಮೆಂತ್ಯ ಸೊಪ್ಪು ಹಿಡಿದವಳು ನಾಲ್ಕು ವರ್ಷ ಹಿಂದಕ್ಕೆ ಹೋಗಿಬಿಟ್ಟೆ, ನೋಡಿ.

ಗೋಕಾಕದಲ್ಲಿ ನಮ್ಮದು ಬಾಡಿಗೆ ಮನೆ. ಹಿತ್ತಲಲ್ಲೊಂದು ಮುದಿ ಬೇವು ಇತ್ತು. ಬುಡ ಪೊಳ್ಳು, ಮೈಯೆಲ್ಲ ನಮ್ಮ ನಡುಮನೆಯ ಹಂಚಿನ ಮೇಲೆ ವಾಲಿತ್ತು. ನನಗೇನೋ ಅದರ ಮೇಲೆ ಪ್ರೀತಿಯೇ. ಮಧ್ಯಾಹ್ನ ಅದರ ನೆರಳಲ್ಲಿ ಕೂತರೆ ಕಣ್ಣು ತೆರೆದೇ ಕನಸು ಬೀಳುತ್ತಿದ್ದವು. ಆದರೆ ಸೊಸೆ ಹುಕ್ಕೇರಿಯ ತವರಿನಲ್ಲಿ ಹಡೆದಿದ್ದಳು. ತೊಟ್ಟಿಲು ಕಟ್ಟುವ ತೊಲೆ ಇದ್ದದ್ದು ಆ ನಡುಮನೆಯಲ್ಲೇ. "ಮರಾ ಹ್ವಾದ ಮ್ಯಾಲೇ ಕೂಸಿನ್ನ ತರತೇನ್ರಿ ಅತ್ತಿ," ಎಂದು ಫೋನಿನಲ್ಲಿ ಹೇಳಿಬಿಟ್ಟಳು.

ಮೂಡಲಗಿಯಲ್ಲಿರುವ ಮನೆ ಮಾಲೀಕರು ಪರವಾನಗಿ ಪಡೆದು, ಕಡಿಯುವವನನ್ನು ಗೊತ್ತುಮಾಡಿದರು.

ಹಿಂದಿನ ಸಂಜೆ ನನಗೆ ಸಂಕಟ. ಇಷ್ಟು ವರ್ಷ ನೆರಳು ಕೊಟ್ಟವಳನ್ನು ಬರಿಗೈಯಲ್ಲಿ ಕಳಿಸುವುದೇ? ಅರಿಶಿನ ಕುಂಕುಮ ಹಚ್ಚಿ, ಹಸಿರು ಖಣ ಸುತ್ತಿ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು, ಮಗಳಿಗೆ ತುಂಬುವಂತೆ ಉಡಿ ತುಂಬಿದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ತಲೆ, ಮುಂದಿನದು ಹೊಳೆಯಲಿಲ್ಲ. ಬೆಳಿಗ್ಗೆ ನೋಡಿದರೆ ಓಣಿಯ ಹೆಂಗಸರೆಲ್ಲ ಊದುಬತ್ತಿ ಹಚ್ಚಿ ಮರಕ್ಕೆ ಕೈಮುಗಿಯುತ್ತಿದ್ದಾರೆ!

ಮರ ಕಡಿಯುವ ಯಲ್ಲಪ್ಪ ಬಂದವನೇ ಕೊಡಲಿ ಕೆಳಗಿಟ್ಟ. "ಯವ್ವಾ, ದೇವಿನ್ನ ಕುಂಡ್ರಿಸಿ ಕಡಿಯಾಕ ನನ್ನ ಕರಸೀರಿ? ನನಗೂ ಹೆಂಡ್ರು ಮಕ್ಕಳು ಅದಾರ್ರಿ!"

"ಅಕ್ಕಾರ, ಮೊಮ್ಮಗಳನ್ನ ತರ್ರಿ ಅಂದ್ರ ದೇವಿನ್ನ ತಂದೀರಲ್ರಿ," ಎಂದು ಬಾಜೂ ಮನೆಯ ಕಸ್ತೂರಿ ನಕ್ಕಳು.

ಮರ ನಿಂತರೆ ಕೂಸು ಹುಕ್ಕೇರಿಯಲ್ಲೇ ಉಳಿಯಿತಲ್ಲ! ಇನ್ನೂ ಕಾಣದ ಆ ಮುಖ ಕಣ್ಣಿಗೆ ಕಟ್ಟಿ, ಎಲ್ಲಿಂದಲೋ ಮಾತು ಬಂತು: "ತಮ್ಮಾ, ನಿಮ್ಮ ತಂಗಿಗೆ ಉಡಿ ತುಂಬಿ ಏನ ಮಾಡತಿ?"

"ಗಂಡನ ಮನಿಗೆ ಕಳಸತೇನ್ರಿ."

"ಮತ್ತ? ಕಳಸಾಕಂತನ ತುಂಬೇನಿ. ಈಗ ಇಟಗೊಂಡ್ರ ಆಕಿಗೆ ಅವಮಾನ."

ಯಲ್ಲಪ್ಪ ತಲೆ ಕೆರೆದುಕೊಂಡ. ಖಣ ಬಿಚ್ಚಿ ನನ್ನ ಕೈಗಿತ್ತು, "ಹೋಗಿ ಬಾರವಾ ತಂಗಿ," ಎಂದು ಟೊಂಗೆಗೆ ಹಗ್ಗ ಎಸೆದ. ಕೊಡಲಿ ಬಿದ್ದಾಗ ಓಣಿಯೇ ಅತ್ತಿತು, ಮದುವೆಯಲ್ಲಿ ಅಳುವ ಹಾಗೆ, ಒಳಗೊಳಗೇ ಹಿಗ್ಗುತ್ತ. ಮೂರನೆಯ ದಿನ ಕೂಸು ಬಂತು.

ಈಗ ಮನೆ ಮುಟ್ಟಿದಾಗ ಅದೇ ಕೂಸು ಹಿತ್ತಲಲ್ಲಿ ಉಳಿದ ಆ ಬೇವಿನ ಬೊಡ್ಡೆಯ ಮೇಲೆ ನಿಂತು ಕೂಗಿತು: "ಆಯೀ, ನಾ ನಿನಕಿಂತ ಎತ್ತರ ಅದೇನಿ!"

ಎಲ್ಲಿಯ ಎತ್ತರ! ನನ್ನ ಎದೆಮಟ್ಟಕ್ಕೆ ಬಂದಿದ್ದಳು, ಅಷ್ಟೇ. ಮೊಣಕಾಲ ನೋವು ಮರೆತು ನೆಲಕ್ಕೆ ಕೂತುಬಿಟ್ಟೆ.

"ಹೌದ ನಮ್ಮವ್ವಾ," ಎಂದೆ. "ಭಾಳ ಎತ್ತರ ಅದಿ."